ತಡಿ, ಬಿಡು, ಸ್ವಾಹಾ

ಅವನು ಮನೆಗೆ ಬಂದ ಮೊದಲ ದಿನ ತಿಂದದ್ದನ್ನೆಲ್ಲ ಮಗ ಕ್ಯಾಲೆಂಡರಿನ ಹಿಂದೆ ಬರೆದಿಟ್ಟಿದ್ದಾನೆ. ಹಾಲು ಅನ್ನ. ಹಾಲು ಅನ್ನ ಹಾಕಿಕೊಟ್ಟ ಹಾಳೆ ತಟ್ಟೆಯ ಅಂಚು. ಹಿಡಿಸೂಡಿಯ ನಾಲ್ಕು ಕಡ್ಡಿ. ಅಜ್ಜನ ಚಪ್ಪಲಿಯ ಬಾರು. ಮಣ್ಣು, ಸ್ವಲ್ಪ. ಒಂದು ಜೀರುಂಡೆ. ಪುನಃ ಹಾಲು ಅನ್ನ.

ಆಗ ಅವನಿಗೆ ಐವತ್ತು ದಿನ. ಫೆಬ್ರವರಿ ತಿಂಗಳು. ವಿಟ್ಲದ ಹತ್ತಿರ ನನ್ನ ಅಕ್ಕನ ಮನೆ. ಅಲ್ಲಿಂದ ರಟ್ಟಿನ ಪೆಟ್ಟಿಗೆಯಲ್ಲಿ ಕೂರಿಸಿ, ಅಡ್ಯನಡ್ಕ, ಪೆರ್ಲ ದಾಟಿ, ಬದಿಯಡ್ಕದ ಹತ್ತಿರದ ನಮ್ಮ ಮನೆಗೆ ತಂದದ್ದು. ಕೇರಳದ ಗಡಿ ದಾಟುವಾಗ ಪೆಟ್ಟಿಗೆಗೆ ಒಂದು ಮೂಲೆ ಇರಲಿಲ್ಲ. ತಾಯಿ ಲ್ಯಾಬ್ರಡಾರ್. ಅಪ್ಪ ಯಾರೆಂದು ಅಕ್ಕನಿಗೂ ಗೊತ್ತಿಲ್ಲ, ತಾಯಿಯೂ ಹೇಳುವುದಿಲ್ಲ.

ಹೆಸರಿಟ್ಟದ್ದು ಮಾವ. ವೇಷ, ಕುಣಿತ ಇಲ್ಲದ ಮಾತಿನ ಯಕ್ಷಗಾನ ಇದೆಯಲ್ಲ, ಆ ತಾಳಮದ್ದಳೆ ಎಂದರೆ ಊಟ ಬಿಟ್ಟು ಹೋಗುವವರು. ಸಂಜೆ ಆರಾಮ ಕುರ್ಚಿಯಲ್ಲಿ ಕೂತು ಮರಿ ತಿನ್ನುವುದನ್ನು ನೋಡಿ, "ವೃಕೋದರ" ಎಂದರು. "ವೃಕ ಅಂದ್ರೆ ತೋಳ. ಉದರ ಅಂದ್ರೆ ಹೊಟ್ಟೆ. ಭೀಮನ ಹೆಸರು ಮಾರಾಯ್ತಿ, ಇದಕ್ಕಿಂತ ಸರಿಯಾದ್ದು ಸಿಕ್ಕಲಿಕ್ಕಿಲ್ಲ." ತೋಟದ ಕೆಲಸಕ್ಕೆ ಬರುವ ಅಕ್ಕನ ಬಾಯಲ್ಲಿ ಎರಡೇ ದಿನದಲ್ಲಿ ವೃಕೋದರ ಸವೆದು ಉಕ್ಕು ಆಯಿತು. ಒಲೆ ಮೇಲಿನ ಹಾಲಿನ ಹಾಗೆ, ನಾವು ಸ್ವಲ್ಪ ಆಚೆ ನೋಡಿದರೆ ಸಾಕು, ಇವನು ಉಕ್ಕುತ್ತಿದ್ದ. ಹಾಗಾಗಿ ಆ ಹೆಸರೇ ನಿಂತಿತು.

ನಾನು ಕನ್ನಡ ಮಾಧ್ಯಮ ಶಾಲೆಯ ಟೀಚರ್. ಒಂದನೇ ಕ್ಲಾಸಿನ ಮೂವತ್ತು ಮಕ್ಕಳನ್ನು ಒಂದು ಚಪ್ಪಾಳೆಯಲ್ಲಿ ಸುಮ್ಮನಾಗಿಸಿದವಳು. ಒಂದು ಮರಿ ಯಾವ ಲೆಕ್ಕ ಎಂದುಕೊಂಡಿದ್ದೆ.

ಮೊದಲ ಎರಡು ವಾರ ನಾನು ಮಾಡಿದ್ದೆಲ್ಲ ತಪ್ಪು. ಅವನು ಏನಾದರೂ ಬಾಯಿಗೆ ಹಾಕಿಕೊಳ್ಳುತ್ತಿದ್ದ. ನಾನು "ಏಯ್!" ಎಂದು ಕೂಗಿ ಓಡುತ್ತಿದ್ದೆ. ಅವನು ಮುಂದೆ, ನಾನು ಹಿಂದೆ, ನನ್ನ ಹಿಂದೆ ಮಗ. ಅಂಗಳಕ್ಕೆ ಎರಡು ಸುತ್ತು. ಕೊನೆಗೆ ಹಿಡಿದು ಬಾಯಿ ಬಿಡಿಸುವ ಹೊತ್ತಿಗೆ ಅದು ಹೊಟ್ಟೆಗೆ ಹೋಗಿರುತ್ತಿತ್ತು. ಆಮೇಲೆ ಯೋಚಿಸಿದಾಗ ಗೊತ್ತಾಯಿತು, ಅವನು ಎರಡು ಪಾಠ ಚೆನ್ನಾಗಿ ಕಲಿತಿದ್ದ. ಒಂದು, ಏನನ್ನಾದರೂ ಕಚ್ಚಿದರೆ ಮನೆಯವರೆಲ್ಲ ಆಟಕ್ಕೆ ಬರುತ್ತಾರೆ. ಎರಡು, ಇವರು ಹತ್ತಿರ ಬಂದರೆ ಕಸಿದುಕೊಳ್ಳುತ್ತಾರೆ, ಬೇಗ ನುಂಗಬೇಕು.

ಅದು ಅಡಿಕೆಯ ಕಾಲ ಬೇರೆ. ಅಂಗಳ ತುಂಬ ಅಡಿಕೆ ಒಣಗಲು ಹಾಕಿತ್ತು. ಒಂದು ಮಧ್ಯಾಹ್ನ ಉಕ್ಕು ಜಗಲಿಯ ಮೂಲೆಯಲ್ಲಿ ಜೊಲ್ಲು ಸುರಿಸುತ್ತಾ ನಿಂತಿದ್ದ. ಬರೀ ಜೊಲ್ಲಲ್ಲ, ನೂಲು ನೂಲಾಗಿ ನೆಲದವರೆಗೆ. ಸ್ವಲ್ಪ ಹೊತ್ತಿನಲ್ಲಿ ವಾಂತಿ, ಅದರ ಬೆನ್ನಿಗೆ ಭೇದಿ. ವಾಂತಿಯಲ್ಲಿ ಹಣ್ಣಡಿಕೆಯ ಚೂರು. ಮೃಗಾಸ್ಪತ್ರೆಯ ಡಾಕ್ಟರ್ ಮಲಯಾಳಿ ಹೆಂಗಸು, ಸಮಾಧಾನದವರು. ಅಡಿಕೆಯಲ್ಲಿರುವ ಅರೆಕೋಲಿನ್ ಹೀಗೆ ಮಾಡುತ್ತದೆ ಎಂದರು. ಹಿಂದಿನ ಕಾಲದಲ್ಲಿ ನಾಯಿಗಳ ಹೊಟ್ಟೆಯ ಲಾಡಿಹುಳ ತೆಗೆಯಲು ಅದನ್ನೇ ಮದ್ದು ಎಂದು ಕೊಡುತ್ತಿದ್ದರಂತೆ. ಮಾವನಿಗೆ ಇದು ಬಹಳ ಖುಷಿ ಕೊಟ್ಟಿತು. "ಹಾಗಾದ್ರೆ ಅವನೇ ಅವನಿಗೆ ಮದ್ದು ಮಾಡಿಕೊಂಡದ್ದು" ಎಂದು ಎಲೆ ಅಡಿಕೆಯ ಕವಳ ಬಾಯಿಗೆ ಹಾಕಿಕೊಂಡರು.

ಆ ದಿನವೇ ಡಾಕ್ಟರ್ ಇನ್ನೆರಡು ಮಾತು ಹೇಳಿದರು. ಹಾಲು ಕಮ್ಮಿ ಮಾಡಿ. ಬೆಳೆಯುವ ಮರಿಗೆ ಬರೀ ಅನ್ನ ಸಾಲುವುದಿಲ್ಲ, ಮೊಟ್ಟೆ ಕೊಡಿ.

ನಮ್ಮದು ಮೊಟ್ಟೆ ಹೊಸ್ತಿಲು ದಾಟದ ಮನೆ. ಅತ್ತೆ ಒಪ್ಪಲಿಲ್ಲ. "ಅನಂತಪುರ ದೇವಸ್ಥಾನದ ಕೆರೆಯ ಬಬಿಯಾ ಮೊಸಳೆ. ಅದು ದೇವರ ನೈವೇದ್ಯದ ಅನ್ನ ತಿಂದುಕೊಂಡು ಅಷ್ಟು ವರ್ಷ ಬದುಕಲಿಲ್ಲವಾ? ಇವನಿಗೆ ಎಂತಕ್ಕೆ ಮೊಟ್ಟೆ?" 2022ರ ಅಕ್ಟೋಬರಿನಲ್ಲಿ ಬಬಿಯಾ ತೀರಿಹೋದಾಗ ಅತ್ತೆ ಹೋಗಿ ನೋಡಿಕೊಂಡು ಬಂದವರು. ಅವರ ಹತ್ತಿರ ವಾದ ಮಾಡುವುದು ಕಷ್ಟ. ಕೊನೆಗೆ ಒಂದು ಒಪ್ಪಂದ ಆಯಿತು. ಮೊಟ್ಟೆ ಬೇಯುವುದು ಹೊರಗಿನ ಬಚ್ಚಲಿನಲ್ಲಿ, ಸ್ನಾನದ ಹಂಡೆಯ ಒಲೆಯ ಕೆಂಡದ ಮೇಲೆ, ಬೇರೆಯೇ ಪಾತ್ರೆಯಲ್ಲಿ. ಬೇಯಿಸುವುದು ನನ್ನ ಗಂಡ. ಮೊಟ್ಟೆ ಎಂಬ ಶಬ್ದ ಒಳಗೆ ಹೇಳುವ ಹಾಗಿಲ್ಲ. ಅತ್ತೆ ಈಗಲೂ ಅದನ್ನು "ಬಿಳಿ ಬಟಾಟೆ" ಎಂದೇ ಕರೆಯುವುದು.

ಪಾಠ ನಿಜವಾಗಿ ಶುರುವಾದದ್ದು ಈ ಬಿಳಿ ಬಟಾಟೆಯಿಂದ. ಅದರ ಕಡಲೆಕಾಳಿನಷ್ಟು ಚೂರಿಗೆ ಉಕ್ಕು ಏನು ಮಾಡಲೂ ತಯಾರಿದ್ದ.

ಇವನ ಈ ಹಸಿವು ಎಂಥದು ಎಂದು ಅಕ್ಕನ ಮಗನನ್ನು ಕೇಳಿದ್ದೆ, ಅವನು ಪಶುವೈದ್ಯಕೀಯ ಓದುತ್ತಿದ್ದಾನೆ. 2016ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದವರು ಲ್ಯಾಬ್ರಡಾರ್‌ಗಳ ಮೇಲೆ ಒಂದು ಸಂಶೋಧನೆ ಮಾಡಿದ್ದಾರಂತೆ. ಸುಮಾರು ನಾಲ್ಕರಲ್ಲಿ ಒಂದು ಲ್ಯಾಬ್ರಡಾರ್‌ಗೆ ಪಿಓಎಂಸಿ ಎಂಬ ಜೀನ್‌ನಲ್ಲಿ ಒಂದು ತುಂಡೇ ಇರುವುದಿಲ್ಲ. ಹಸಿವು ತೀರಿತು, ಸಾಕು ಎನ್ನುವ ಸುದ್ದಿ ಮಿದುಳಿಗೆ ಸರಿಯಾಗಿ ಮುಟ್ಟಲು ಈ ಜೀನ್ ಬೇಕು. ಅದು ತುಂಡಾದರೆ ಉಂಡರೂ ಉಂಡ ಹಾಗಾಗುವುದಿಲ್ಲ. ಅಂಗವಿಕಲರಿಗೆ ಸಹಾಯ ಮಾಡಲು ತರಬೇತಿ ಕೊಟ್ಟ ಲ್ಯಾಬ್ರಡಾರ್‌ಗಳಲ್ಲಿ ಇದು ಇನ್ನೂ ಜಾಸ್ತಿ ಕಂಡಿತಂತೆ. ಹೊಟ್ಟೆಬಾಕ ನಾಯಿಗೆ ಕಲಿಸುವುದು ಸುಲಭ, ಅದಕ್ಕೇ ಅಂಥವೇ ಆಯ್ಕೆಯಾಗಿರಬೇಕು ಎಂಬ ಅಂದಾಜು. ಉಕ್ಕುವಿನ ಜೀನ್ ಯಾರೂ ನೋಡಿಲ್ಲ. ಆದರೆ ಇದನ್ನು ಕೇಳಿದ ಮೇಲೆ ನನ್ನ ಸಿಟ್ಟು ಅರ್ಧ ಇಳಿಯಿತು. ಮರಿಗೆ ಹಟ ಅಲ್ಲ, ಹಸಿವು.

ಇನ್ನೊಂದು ತೊಡಕು ಇತ್ತು. ಕಾಸರಗೋಡನ್ನು ಸಪ್ತಭಾಷೆಗಳ ನಾಡು ಎಂದು ಭಾಷಣದಲ್ಲಿ ಹೊಗಳುತ್ತಾರೆ. ಅದರ ಕಷ್ಟ ಗೊತ್ತಾಗಬೇಕಾದರೆ ಇಲ್ಲಿ ಒಂದು ನಾಯಿಮರಿಗೆ ಪಾಠ ಹೇಳಬೇಕು. ನಾನು "ಕೂರು" ಎನ್ನುತ್ತಿದ್ದೆ. ಕೆಲಸದ ಅಕ್ಕ ತುಳುವಿನಲ್ಲಿ "ಕುಲ್ಲು". ಪಕ್ಕದ ಮನೆಯ ಮಕ್ಕಳು ಮಲಯಾಳದಲ್ಲಿ "ಇರಿ". ನನ್ನ ಮಗ ಯೂಟ್ಯೂಬ್ ನೋಡಿ "ಸಿಟ್". ಉಕ್ಕು ಒಬ್ಬೊಬ್ಬರ ಮುಖ ನೋಡಿ ಕಿವಿ ಆಚೀಚೆ ಮಾಡುತ್ತಿದ್ದ, ಕೂರುತ್ತಿರಲಿಲ್ಲ. ಅಲ್ಲೇ ಇರಬೇಕು ಎನ್ನಲು ನಾನು "ಇರು" ಎಂದು ಕಲಿಸಲು ಹೊರಟೆ. ಪಕ್ಕದ ಮನೆಯ ಹುಡುಗಿ ಬಂದು "ಇರಿ" ಎಂದರೆ ಕೂರಬೇಕು, ನಾನು "ಇರು" ಎಂದರೆ ಅಲ್ಲಾಡಬಾರದು. ದೊಡ್ಡವರಿಗೇ ತಲೆ ಕೆಡುತ್ತದೆ, ಅಲ್ವಾ?

ಒಂದು ಭಾನುವಾರ ಜಗಲಿಯಲ್ಲಿ ಎಲ್ಲರನ್ನೂ ಕೂರಿಸಿ ಶಬ್ದ ನಿಶ್ಚಯ ಮಾಡಿದೆವು. ಕೂರಲು "ಕೂರು". ಕಾಯಲು "ಇರು" ಬೇಡ, "ತಡಿ". ಬಾಯಲ್ಲಿರುವುದನ್ನು ಬಿಡಲು, ನೆಲದ ಮೇಲಿರುವುದನ್ನು ಮುಟ್ಟದಿರಲು "ಬಿಡು". ಬಿಡುವಿನ ವಿಷಯದಲ್ಲಿ ಮಾತ್ರ ನಾವು ಪುಣ್ಯ ಮಾಡಿದ್ದೆವು. ತುಳುವಿನಲ್ಲಿ "ಬುಡು", ಮಲಯಾಳದಲ್ಲಿ "ವಿಡ್". ಯಾರು ಯಾವ ಭಾಷೆಯಲ್ಲಿ ಕೂಗಿದರೂ ಮರಿಯ ಕಿವಿಗೆ ಹೆಚ್ಚು ಕಮ್ಮಿ ಒಂದೇ. ಅವನು ಗಟ್ಟಿಯಾಗಿ ಕಲಿತ ಮೊದಲ ಮಾತೂ ಅದೇ.

ಉಳಿದದ್ದು ಅನುಮತಿಯ ಶಬ್ದ. ಇನ್ನು ತಿನ್ನಬಹುದು ಎಂದು ಹೇಳಲು ಏನನ್ನುವುದು? "ತಿನ್ನು" ಆಗದು. ನಮ್ಮ ಮನೆಯಲ್ಲಿ ಮಗನಿಗೆ ದಿನಕ್ಕೆ ಐವತ್ತು ಸಲ ಯಾರಾದರೂ ತಿನ್ನು ಎನ್ನುತ್ತಿರುತ್ತಾರೆ. "ಹೂಂ" ಕೂಡ ಆಗದು, ನನ್ನ ಗಂಡನ ಮಾತೆಲ್ಲ ಅದರಲ್ಲೇ ಮುಗಿಯುವುದು. ದಿನಾ ಮನೆಯಲ್ಲಿ ಯಾರೂ ಹೇಳದ ಶಬ್ದ ಬೇಕು ಎಂದೆ. ಮಾವ ಕುರ್ಚಿಯಿಂದಲೇ "ಸ್ವಾಹಾ" ಎಂದರು. ಎಲ್ಲರೂ ನಕ್ಕೆವು. ಅದೇ ಪಾಸಾಯಿತು.

"ಬಿಡು" ಕಲಿಸಿದ್ದು ಹೀಗೆ. ಸಂಜೆ ಅಂಗಳದಲ್ಲಿ ಮಣೆ ಹಾಕಿ ಕೂತೆ. ಬಲಗೈಯ ಮುಷ್ಟಿಯೊಳಗೆ ಅನ್ನದ ಉಂಡೆ. ಎಡಗೈ ಬೆನ್ನಿನ ಹಿಂದೆ, ಅದರಲ್ಲಿ ಮೊಟ್ಟೆಯ ಚೂರು. ಮುಷ್ಟಿಯನ್ನು ಅವನ ಮೂಗಿನೆದುರು ಹಿಡಿದು "ಬಿಡು" ಎಂದೆ, ಒಂದೇ ಸಲ. ಅವನು ನೆಕ್ಕಿದ. ಬೆರಳಿನ ಸಂದಿಗೆ ನಾಲಿಗೆ ತೂರಿಸಿದ. ಕಚ್ಚಿದ; ಹಾಲು ಹಲ್ಲು ಸೂಜಿಯ ಹಾಗೆ. ಮುಂಗಾಲಿನಿಂದ ಕೆರೆದ. ಒಂದು ಸಲ ಬೊಗಳಿದ. ಮುಷ್ಟಿಗೆ ಗದ್ದ ಊರಿ ನನ್ನ ಮುಖ ನೋಡಿದ. ನಾನು ಮಾತಾಡಲಿಲ್ಲ, ಕೈ ತೆಗೆಯಲಿಲ್ಲ. ಮಗ ಮೊಬೈಲಿನಲ್ಲಿ ಸಮಯ ನೋಡುತ್ತಿದ್ದ. ನಲವತ್ತೇಳನೇ ಸೆಕೆಂಡಿಗೆ ಉಕ್ಕು ಉಸ್ಸೆಂದು ಮೂಗು ಒಂದು ಇಂಚು ಹಿಂದೆ ತೆಗೆದ. ಆ ಕ್ಷಣಕ್ಕೇ "ಶಭಾಷ್" ಎಂದು ಎಡಗೈಯ ಚೂರು ಬಾಯಿಗಿಟ್ಟೆ. ಅವನಿಗೆ ಆಶ್ಚರ್ಯ. ಬೇಡ ಎಂದರೆ ಇದಕ್ಕಿಂತ ಒಳ್ಳೆಯದು ಬರುತ್ತದಾ?

ಎರಡನೇ ಸಲ ಮೂವತ್ತು ಸೆಕೆಂಡ್. ಐದನೇ ಸಲ ಎಂಟು. ಅಲ್ಲಿಗೆ ನಿಲ್ಲಿಸಿದೆ. ಇಷ್ಟು ಸಣ್ಣ ಮರಿಗೆ ಮೂರು ನಿಮಿಷ, ಜಾಸ್ತಿ ಎಂದರೆ ಐದು ನಿಮಿಷ, ದಿನಕ್ಕೆ ಮೂರ್ನಾಲ್ಕು ಸಲ. ಅದಕ್ಕಿಂತ ಎಳೆದರೆ ಅವನಿಗೆ ಬೇಜಾರು, ನನಗೆ ಸಿಟ್ಟು. ಶಭಾಷ್ ಹೇಳುವುದು ಎರಡು ಸೆಕೆಂಡ್ ತಡವಾದರೂ ಲೆಕ್ಕ ತಪ್ಪುತ್ತದೆ. ಅಷ್ಟರಲ್ಲಿ ಅವನು ಎದ್ದು ತಿರುಗಿರುತ್ತಾನೆ, ಎದ್ದದ್ದಕ್ಕೆ ಬಹುಮಾನ ಎಂದುಕೊಳ್ಳುತ್ತಾನೆ.

ಕೂರುವುದು ಸುಲಭವಾಯಿತು. ಚೂರನ್ನು ಮೂಗಿನಿಂದ ತಲೆಯ ಮೇಲಕ್ಕೆ ಎತ್ತಿದರೆ ತಲೆ ಮೇಲೆ ಹೋಗುತ್ತದೆ, ಹಿಂಭಾಗ ತಾನಾಗಿ ನೆಲಕ್ಕೆ ಇಳಿಯುತ್ತದೆ. ಒಂದೇ ದಿನದ ಕೆಲಸ. ಕಷ್ಟ ಕೊಟ್ಟದ್ದು ತಡಿ. ತಟ್ಟೆ ಹಿಡಿದು ನಿಲ್ಲುತ್ತಿದ್ದೆ. ಅವನು ಕೂತರೆ ತಟ್ಟೆ ಕೆಳಗೆ ಬರುತ್ತದೆ, ಎದ್ದರೆ ಮೇಲೆ ಹೋಗುತ್ತದೆ. ಬೈಗುಳ ಇಲ್ಲ, ಬೆತ್ತ ಇಲ್ಲ. ಬಾವಿಯ ಕೊಡಪಾನದ ಹಾಗೆ ತಟ್ಟೆ ಮೇಲೆ ಕೆಳಗೆ, ಮೇಲೆ ಕೆಳಗೆ. ಮೊದಲ ದಿನ ಇಪ್ಪತ್ತೆರಡು ಸಲ ಆಗಿ ನನ್ನ ಸೊಂಟ ಹಿಡಿಯಿತು. ನಾಲ್ಕನೇ ದಿನ ತಟ್ಟೆ ನೆಲ ಮುಟ್ಟುವವರೆಗೆ ಕೂತ. ಒಂದು ಸೆಕೆಂಡ್. "ಸ್ವಾಹಾ!" ಆಮೇಲೆ ಎರಡು ಸೆಕೆಂಡ್, ಐದು, ಹತ್ತು.

ನುಂಗುವ ವೇಗಕ್ಕೆ ಮದ್ದು ಅತ್ತೆಯ ಹಳೇ ಇಡ್ಲಿ ತಟ್ಟೆಯಲ್ಲಿ ಸಿಕ್ಕಿತು. ಬಟ್ಟಲಿನಲ್ಲಿ ಹಾಕಿದ್ದನ್ನು ಉಕ್ಕು ಉಸಿರು ಬಿಡದೆ ಮುಗಿಸಿ, ಕೆಮ್ಮಿ, ಕೆಲವೊಮ್ಮೆ ಅಲ್ಲೇ ಕಕ್ಕಿ, ಪುನಃ ತಿನ್ನುತ್ತಿದ್ದ. ಇಡ್ಲಿ ತಟ್ಟೆಯ ಗುಳಿಗಳಲ್ಲಿ ಅನ್ನವನ್ನು ಒತ್ತಿ ಹಂಚಿಟ್ಟರೆ ಒಂದೊಂದು ಗುಳಿಯನ್ನೂ ನೆಕ್ಕಿ ಬಿಡಿಸಬೇಕು. ಅರ್ಧ ನಿಮಿಷದ ಊಟ ಆರೇಳು ನಿಮಿಷಕ್ಕೆ ಹೋಯಿತು. ಕೆಲವು ದಿನ ಅಂಗಡಿಯಿಂದ ತಂದ ನಾಯಿಯ ಕಾಳನ್ನು ಹುಲ್ಲಿನ ಮೇಲೆ ಚೆಲ್ಲಿಬಿಡುತ್ತಿದ್ದೆ. ಮೂಗಿನಿಂದ ಒಂದೊಂದೇ ಹುಡುಕಿ ತಿಂದ ಮೇಲೆ ಅವನು ಎರಡು ಗಂಟೆ ನಿದ್ದೆ ಮಾಡುತ್ತಿದ್ದ. ಓಡಿಸಿ ದಣಿಸುವುದಕ್ಕಿಂತ ಇದು ಮೇಲು.

ಬಿಎಡ್ ಓದುವಾಗ ಪಾವ್ಲೋವನ ನಾಯಿಯ ಬಗ್ಗೆ ಪರೀಕ್ಷೆಗೆ ಬರೆದದ್ದು ನೆನಪಿದೆ. ಪಾವ್ಲೋವನಿಗೆ 1904ರಲ್ಲಿ ನೊಬೆಲ್ ಸಿಕ್ಕಿದ್ದು ಜೀರ್ಣಕ್ರಿಯೆಯ ಸಂಶೋಧನೆಗೆ. ಜೊಲ್ಲು ಅಳೆಯಲು ಹೋಗಿ ಬೇರೆಯದೇ ಕಂಡುಕೊಂಡ. ಅದನ್ನು ಪುಸ್ತಕದಲ್ಲಿ ಓದುವುದು ಬೇರೆ. ನನ್ನ ಗಂಡ ಸೌದೆ ಹಿಡಿದು ಬಚ್ಚಲಿನ ಕಡೆ ಹೊರಟರೆ ಸಾಕು, ಉಕ್ಕುವಿನ ಬಾಯಿಯಿಂದ ಎರಡು ದಾರ ಇಳಿಯುತ್ತಿತ್ತು. ಗಂಡ ಸ್ನಾನಕ್ಕೆ ಹೊರಟರೂ ಅಷ್ಟೇ.

ಇಷ್ಟೆಲ್ಲ ಆದರೂ ಊಟದ ಹೊತ್ತಿನಲ್ಲಿ ಅಡಿಗೆಕೋಣೆಯ ಬಾಗಿಲಲ್ಲಿ ಕೂಗುವುದು ಮಾತ್ರ ನಿಲ್ಲಲಿಲ್ಲ. ನಾವೆಲ್ಲ ಕಿವುಡರಾಗಿ ಕೂತೆವು. ಮೂರನೇ ದಿನ ಕೂಗು ಜೋರಾಯಿತು. ಇದು ನಿರೀಕ್ಷೆ ಇದ್ದದ್ದೇ. ಯಾವಾಗಲೂ ಸಿಗುತ್ತಿದ್ದದ್ದು ಸಿಗದಿದ್ದರೆ ಮೊದಲು ಜಾಸ್ತಿ ಮಾಡುತ್ತಾರೆ, ಆಮೇಲೆ ಬಿಡುತ್ತಾರೆ, ಮಕ್ಕಳೂ ಹಾಗೆಯೇ. ಆದರೆ ಹತ್ತು ದಿನ ಕಳೆದರೂ ಕಮ್ಮಿ ಆಗಲಿಲ್ಲ. ಹನ್ನೊಂದನೇ ದಿನ ಕಳ್ಳ ಸಿಕ್ಕಿದ. ಮಾವನ ಬಾಳೆಎಲೆಯಲ್ಲಿ ನೀರುದೋಸೆ ನಾಲ್ಕಿತ್ತು, ಹೊಟ್ಟೆಗೆ ಹೋದದ್ದು ಎರಡು.

"ಮಾವ, ನೀವು ಕೊಟ್ಟಿರಾ?"

"ದಿನಾ ಇಲ್ಲ ಮಾರಾಯ್ತಿ. ಮೂರು ನಾಲ್ಕು ದಿನಕ್ಕೊಮ್ಮೆ. ಅದರ ಕಣ್ಣು ನೋಡು."

ದಿನಾ ಕೊಟ್ಟಿದ್ದರೇ ಒಳ್ಳೆಯದಿತ್ತು! ಮಾವ ಬದಿಯಡ್ಕಕ್ಕೆ ಹೋದಾಗಲೆಲ್ಲ ಕೇರಳ ಲಾಟರಿ ಟಿಕೆಟ್ ತೆಗೆದುಕೊಳ್ಳುತ್ತಾರೆ. 1967ರಲ್ಲಿ ಶುರುವಾದ ಲಾಟರಿ ಅದು, ದೇಶದಲ್ಲೇ ಸರಕಾರ ನಡೆಸಿದ ಮೊದಲನೆಯದು. ಮಾವನಿಗೆ ಇಷ್ಟು ವರ್ಷದಲ್ಲಿ ಸಿಕ್ಕಿದ್ದು ಎರಡು ಸಲ, ಅದೂ ಸಣ್ಣ ಮೊತ್ತ. ಆ ಎರಡು ಸಲಕ್ಕೆ ಅವರು ಇವತ್ತಿಗೂ ಕೊಳ್ಳುತ್ತಿದ್ದಾರೆ. "ಉಕ್ಕುವಿಗೂ ನೀವು ಲಾಟರಿ ಅಂಗಡಿ ಇಟ್ಟಿದ್ದೀರಿ ಮಾವ" ಎಂದೆ. ಅವರಿಗೆ ತಟ್ಟಿತು. ಮಾರನೇ ದಿನದಿಂದ ಕೊಡುವುದನ್ನು ನಿಲ್ಲಿಸಿದರು. ಉಕ್ಕು ಕೂಗು ನಿಲ್ಲಿಸಲು ಪುನಃ ಎರಡು ವಾರ ಬೇಕಾಯಿತು. ಮಾವ ಲಾಟರಿ ನಿಲ್ಲಿಸಿಲ್ಲ.

ಏಪ್ರಿಲ್‌ನಲ್ಲಿ ವಿಷು ಬಂತು. ಇದನ್ನು ಬರೆಯುವಾಗ ಈಗಲೂ ಹೊಟ್ಟೆಯಲ್ಲಿ ಒಂದು ಥರ ಆಗುತ್ತದೆ.

ಹಿಂದಿನ ರಾತ್ರಿ ಚಾವಡಿಯಲ್ಲಿ ಅತ್ತೆ ಕಣಿ ಇಟ್ಟಿದ್ದರು. ವಿಷುವಿನ ಬೆಳಿಗ್ಗೆ ಎದ್ದ ಕೂಡಲೇ ಮೊದಲು ಕಣ್ಣಿಗೆ ಬೀಳಬೇಕಾದದ್ದು ಅದು. ಹರಿವಾಣದಲ್ಲಿ ಅಕ್ಕಿ, ತೆಂಗಿನಕಾಯಿ, ಹಳದಿ ಸೌತೆಕಾಯಿ, ಮಾವಿನಹಣ್ಣು, ಕೊನ್ನೆ ಹೂವು, ಕನ್ನಡಿ, ಚಿನ್ನ. ಗಂಡ ಪೇಟೆಯಿಂದ ತಂದ ಒಂದು ಗೊಂಚಲು ದ್ರಾಕ್ಷಿ. ಬೆಳಗಿನ ಜಾವ ನಾಲ್ಕೂವರೆಗೆ ಅತ್ತೆ ದೀಪ ಹಚ್ಚಿ, ಒಬ್ಬೊಬ್ಬರನ್ನೇ ಎಬ್ಬಿಸಲು ಒಳಗೆ ಬಂದರು. ಜಗಲಿಯ ಬಾಗಿಲಿನ ಚಿಲಕ ಸರಿಯಾಗಿ ಬಿದ್ದಿರಲಿಲ್ಲ. ಮಗನ ಕಣ್ಣು ಮುಚ್ಚಿ, ಗೋಡೆ ಹಿಡಿಸಿ ನಡೆಸಿಕೊಂಡು ಬಂದು ಹರಿವಾಣದ ಎದುರು ನಿಲ್ಲಿಸಿ, "ಈಗ ನೋಡು" ಎಂದೆವು. ನಮ್ಮ ಮನೆಯ ಆ ವರ್ಷದ ಕಣಿ, ಕನ್ನಡಿಯಲ್ಲಿ ಕಂಡ ಉಕ್ಕುವಿನ ಬಾಲ. ಬಾಯಲ್ಲಿ ಸೌತೆಕಾಯಿ.

"ಬಿಡು!" ಎಂದೆ. ಬಿಟ್ಟ. ಸೌತೆ ಉರುಳಿ ನನ್ನ ಕಾಲ ಹತ್ತಿರ ಬಂತು. ಬಿಟ್ಟು, ಕೂತು, ಬಹುಮಾನಕ್ಕೆ ಕಾದ. ನಗುವಷ್ಟರಲ್ಲಿ ದ್ರಾಕ್ಷಿಯ ಗೊಂಚಲು ಕಂಡಿತು. ಬರೀ ಕಡ್ಡಿ.

ದ್ರಾಕ್ಷಿ, ಒಣದ್ರಾಕ್ಷಿ ನಾಯಿಗೆ ವಿಷ. ಕೆಲವು ನಾಯಿಗಳ ಕಿಡ್ನಿ ಕೆಲವೇ ಹಣ್ಣಿಗೆ ಕೆಡುತ್ತದೆ. ಅದರಲ್ಲಿರುವ ಟಾರ್ಟಾರಿಕ್ ಆಮ್ಲ ಇದಕ್ಕೆ ಕಾರಣ ಇರಬೇಕೆಂದು 2021ರಲ್ಲಿ ಅಮೆರಿಕದ ಪಶುವೈದ್ಯರು ಹೇಳಿದರು. ಹುಣಸೆಹುಳಿಯಲ್ಲೂ ಅದೇ ಆಮ್ಲ. ಸಾರು ಸಾಂಬಾರು ಕಲಸಿದ ಅನ್ನ ನಾಯಿಗೆ ಹಾಕುವ ನಮ್ಮವರಿಗೆ ಇದು ಗೊತ್ತಿರಬೇಕು. ಈರುಳ್ಳಿ, ಬೆಳ್ಳುಳ್ಳಿ, ಚಾಕಲೇಟ್ ಕೂಡ ಅದೇ ಪಟ್ಟಿಯಲ್ಲಿ. ನನಗೆ ಇದೆಲ್ಲ ಗೊತ್ತಿತ್ತು. ಗೊತ್ತಿದ್ದೂ ಕಣಿಯ ಹರಿವಾಣ ನೆಲದ ಮೇಲಿತ್ತು.

ಡಾಕ್ಟರಿಗೆ ಫೋನ್ ಮಾಡಿದೆ. ಹಬ್ಬದ ಬೆಳಿಗ್ಗೆ ಐದು ಗಂಟೆ. ಎರಡನೇ ರಿಂಗಿಗೆ ಎತ್ತಿದರು. ನನ್ನ ಮಲಯಾಳ ಗಾಬರಿಯಲ್ಲಿ ಅರ್ಧ ಕನ್ನಡ, ಅರ್ಧ ತುಳು ಆಯಿತು. ಎಷ್ಟು ಹೊತ್ತಾಯಿತು ಎಂದು ಮೊದಲು ಕೇಳಿದರು. ಅರ್ಧ ಗಂಟೆ ಒಳಗೆ ಎಂದೆ. ಉಪ್ಪುನೀರು ಕುಡಿಸಬೇಡಿ, ಅದು ಇನ್ನೂ ಅಪಾಯ, ಈಗಲೇ ಹೊರಡಿ ಎಂದರು. ಅವರ ಮನೆಯ ವರಾಂಡದಲ್ಲೇ ವಾಂತಿ ಆಗಲು ಇಂಜೆಕ್ಷನ್ ಕೊಟ್ಟರು. ಸ್ವಲ್ಪ ಹೊತ್ತಿಗೆ ಎಲ್ಲ ಹೊರಗೆ. ನನ್ನ ಗಂಡ ಒಂದು ಕಡ್ಡಿ ಹಿಡಿದು ಎಣಿಸಿದರು. ಹದಿನೇಳು ದ್ರಾಕ್ಷಿ, ಹೆಚ್ಚಿನದಕ್ಕೆ ಹಲ್ಲೂ ತಾಗಿರಲಿಲ್ಲ. ಮೂರು ಕೊನ್ನೆ ಹೂವಿನ ಎಸಳು. ಎರಡು ದಿನ ಬಿಟ್ಟು ರಕ್ತಪರೀಕ್ಷೆ ಮಾಡಿಸಿದೆವು. ಕಿಡ್ನಿ ಸರಿ ಇತ್ತು. ಅಗಿಯದೆ ನುಂಗುವ ಅವನ ಕೆಟ್ಟ ಅಭ್ಯಾಸ ಆ ದಿನ ಒಳ್ಳೆಯದೇ ಆಯಿತು.

ಹಿಂದೆ ಬರುವಾಗ ಆಟೋದಲ್ಲಿ ಅವನು ನನ್ನ ಮಡಿಲಲ್ಲಿ ಮಲಗಿದ್ದ. ಸೌತೆಕಾಯಿ ಬಿಟ್ಟದ್ದಕ್ಕೆ ನಾವು ಏನೂ ಕೊಟ್ಟಿರಲಿಲ್ಲ ಎಂದು ನೆನಪಾಯಿತು. ಮನೆಗೆ ಬಂದ ಮೇಲೂ ಕೊಡುವ ಹಾಗಿರಲಿಲ್ಲ, ಹೊಟ್ಟೆ ಖಾಲಿ ಇಡಲು ಹೇಳಿದ್ದರು.

ಮೇ ತಿಂಗಳು ಹಪ್ಪಳದ ಕಾಲ. ಹಲಸಿನಕಾಯಿ ಸೊಳೆ ಬೇಯಿಸಿ, ರುಬ್ಬಿ, ಒತ್ತಿ, ಅಂಗಳದ ಚಾಪೆಯ ಮೇಲೆ ಸಾಲು ಸಾಲು. ದಿನಕ್ಕೆ ಇನ್ನೂರು, ಮುನ್ನೂರು. ತಡಿ ಕಲಿಸಲು ಇದಕ್ಕಿಂತ ಒಳ್ಳೆಯ ಕ್ಲಾಸ್‌ರೂಮ್ ಇಲ್ಲ ಎಂದೆ. ಅತ್ತೆ ನನ್ನನ್ನು ಹುಚ್ಚಿಯ ಹಾಗೆ ನೋಡಿದರು. ಮೊದಲ ದಿನ ಹಗ್ಗ ಕಟ್ಟಿ ಚಾಪೆಯಿಂದ ಇಪ್ಪತ್ತು ಅಡಿ ದೂರ ಕೂತೆವು. ಚಾಪೆ ನೋಡಿ ಪುನಃ ನನ್ನ ಮುಖ ನೋಡಿದರೆ ಒಂದು ಕಾಳು. ದಿನಕ್ಕೆ ಎರಡೆರಡು ಅಡಿ ಹತ್ತಿರ. ಒಂದು ದಿನ ಅವಸರ ಮಾಡಿ ಒಮ್ಮೆಲೇ ಐದು ಅಡಿ ಮುಂದೆ ಹೋದೆ, ಒಂದು ಹಪ್ಪಳ ಹೋಯಿತು. ತಪ್ಪು ನನ್ನದೇ. ಪುನಃ ಹಿಂದೆ.

ಹತ್ತನೇ ದಿನ ಹಗ್ಗ ಇಲ್ಲದೆ, ಚಾಪೆಯ ಅಂಚಿನಿಂದ ಎರಡು ಅಡಿಯಲ್ಲಿ ಉಕ್ಕು ಕೂತ. ಅತ್ತೆ ಅಡಿಗೆಕೋಣೆಯ ಕಿಟಕಿಯಿಂದ ನೋಡುತ್ತಿದ್ದರು. ಒಂದು ನಿಮಿಷ. ಎರಡು ನಿಮಿಷ. ಆಗ ಎಲ್ಲಿಂದಲೋ ಒಂದು ಕಾಗೆ ಬಂದು ಹಪ್ಪಳ ಎತ್ತಿತು. ಉಕ್ಕು ಕಾಗೆಯನ್ನು ಓಡಿಸಿಕೊಂಡು ಚಾಪೆಯ ಈ ತುದಿಯಿಂದ ಆ ತುದಿಗೆ, ಅಲ್ಲಿಂದ ಈಚೆಗೆ. ಹಸಿ ಹಪ್ಪಳ ನಲವತ್ತು ಅವನ ಕಾಲಿಗೆ ಅಂಟಿ ಹೋದವು. ಆದರೆ ನೋಡಿ, ಅವನು ಒಂದನ್ನೂ ತಿನ್ನಲಿಲ್ಲ. ಅತ್ತೆ ಹೊರಗೆ ಬಂದರು. ಬೈಯುತ್ತಾರೆ ಎಂದುಕೊಂಡೆ. "ಕಾಗೆ ಓಡಿಸುವುದಾದ್ರೆ ಇಲ್ಲೇ ಇರಲಿ" ಎಂದು ಒಳಗೆ ಹೋದರು. ಆ ರಾತ್ರಿ ಇಡ್ಲಿ ತಟ್ಟೆಯ ಒಂದು ಗುಳಿಯಲ್ಲಿ ತುಪ್ಪ ಇತ್ತು. ಯಾರು ಹಾಕಿದ್ದೆಂದು ನಾನು ಕೇಳಲಿಲ್ಲ.

ಹಲ್ಲು ಬದಲಾಗುವ ಕಾಲವೂ ಅದೇ. ಇಪ್ಪತ್ತೆಂಟು ಹಾಲುಹಲ್ಲು ಬಿದ್ದು ನಲವತ್ತೆರಡು ಬರಬೇಕು. ಆ ಎರಡು ತಿಂಗಳು ಕಲಿತದ್ದೆಲ್ಲ ಮರೆತ. ಒದ್ದೆ ಬಟ್ಟೆ ಫ್ರಿಜ್ಜಿನಲ್ಲಿಟ್ಟು ಕಚ್ಚಲು ಕೊಟ್ಟೆವು, ತಣ್ಣಗಿನ ಕ್ಯಾರೆಟ್ ಕೊಟ್ಟೆವು. ಜಗಲಿಯ ಕಂಬದ ಬುಡದಲ್ಲಿ ಈಗಲೂ ಗುರುತಿದೆ. ಮಳೆ ಜೋರು ಹಿಡಿಯುವ ಹೊತ್ತಿಗೆ ಪುನಃ ದಾರಿಗೆ ಬಂದ.

ಚೌತಿಯ ಹೊತ್ತಿಗೆ ಎಂಟು ತಿಂಗಳು. ಊಟಕ್ಕೆ ಕೂತರೆ ಬಾಗಿಲಲ್ಲಿ ಗೋಣಿಯ ಮೇಲೆ ಮಲಗಿರುತ್ತಿದ್ದ. ತಟ್ಟೆ ಎದುರಿಟ್ಟು "ತಡಿ" ಎಂದು ನಾನು ಒಳಗೆ ಹೋಗಿ ಬಂದರೂ ಹಾಗೇ ಕೂತಿರುತ್ತಿದ್ದ. ನೆಲದ ಮೇಲೆ ಜೊಲ್ಲಿನ ಸಣ್ಣ ಕೆರೆ, ಅಷ್ಟೇ. ಬಂದವರಿಗೆಲ್ಲ ಮಾವ ಇದನ್ನು ತೋರಿಸುವುದು. "ನಮ್ಮ ಸೊಸೆ ಕಲಿಸಿದ್ದು."

ಆ ಸಲ ಚೌತಿಗೆ ಮನೆಯಲ್ಲಿ ಗಣಪತಿ ಹೋಮ. ಭಟ್ಟರು ಬೆಳಿಗ್ಗೆ ಆರಕ್ಕೇ ಬಂದರು. ಚಾವಡಿಯಲ್ಲಿ ಮಂಡಲ, ಹೋಮಕುಂಡ. ಪಕ್ಕದ ಹರಿವಾಣದಲ್ಲಿ ಅಷ್ಟದ್ರವ್ಯ: ಅವಲಕ್ಕಿ, ಹೊದಳು, ಬೆಲ್ಲ, ಕಾಯಿ, ಕಬ್ಬು, ಬಾಳೆಹಣ್ಣು, ಎಲ್ಲ ತುಪ್ಪದಲ್ಲಿ ಮಿಂದು ಘಮ ಘಮ. ಉಕ್ಕುವನ್ನು ಕಟ್ಟಿಹಾಕೋಣ ಎಂದರು ನನ್ನ ಗಂಡ. ಎಂತಕ್ಕೆ, ತಡಿ ಎಂದರೆ ಒಂದು ಗಂಟೆ ಕೂರುತ್ತಾನೆ ಎಂದೆ. ಟೀಚರ್ ಜಂಬ. ಜಗಲಿಯಲ್ಲಿ, ಬಾಗಿಲಿನಿಂದ ಹತ್ತು ಅಡಿ ಆಚೆ, ಗೋಣಿಯ ಮೇಲೆ ಕೂರಿಸಿ "ತಡಿ" ಎಂದು ಬಂದೆ.

ಕೂತ. ಸಂಕಲ್ಪ ಆಯಿತು, ಕೂತಿದ್ದ. ಪೂಜೆ ಆಯಿತು, ಕೂತಿದ್ದ. ಅಗ್ನಿ ಪ್ರತಿಷ್ಠೆ ಆಯಿತು. ಹೊಗೆ ಕಣ್ಣಿಗೆ ಹೋದರೂ ಅಲ್ಲಾಡಲಿಲ್ಲ. ಭಟ್ಟರೂ ಒಮ್ಮೆ ತಿರುಗಿ ನೋಡಿ ತಲೆದೂಗಿದರು. ಅವರು ಸ್ರುವದಲ್ಲಿ ತುಪ್ಪ ತೆಗೆದು, ಮಂತ್ರ ಹೇಳಿ, ಕೊನೆಗೆ ಗಟ್ಟಿಯಾಗಿ, ಸ್ಪಷ್ಟವಾಗಿ, "ಸ್ವಾಹಾ" ಎಂದರು.

ನನಗೆ ಹೊಳೆಯುವಷ್ಟರಲ್ಲಿ ಅವನು ಹೊಸ್ತಿಲು ದಾಟಿದ್ದ. ಮಂಡಲದ ಒಂದು ಬದಿಯ ರಂಗೋಲಿ ಹೋಯಿತು. ಮೂತಿ ಅಷ್ಟದ್ರವ್ಯದ ಹರಿವಾಣಕ್ಕೆ ಒಂದು ಗೇಣು ಇರುವಾಗ ನಾನು, ಅತ್ತೆ, ಮಗ, ಕೆಲಸದ ಅಕ್ಕ ನಾಲ್ವರೂ ಒಟ್ಟಿಗೆ ಕೂಗಿದೆವು. ಬಿಡು, ಬಿಡು, ಬಿಡು, ಬುಡು! ಉಕ್ಕು ನಿಂತ. ಹರಿವಾಣ ನೋಡಿದ. ಭಟ್ಟರನ್ನು ನೋಡಿದ. ಅವರೇ ಅಲ್ಲವಾ ಹೇಳಿದ್ದು? ಆಮೇಲೆ ಅವರ ಪಕ್ಕದಲ್ಲೇ, ಯಜಮಾನನ ಹಾಗೆ, ಕೂತುಬಿಟ್ಟ.

ಮಾವ ಶಲ್ಯದಲ್ಲಿ ಮುಖ ಮುಚ್ಚಿಕೊಂಡಿದ್ದರು. ಭುಜ ಮಾತ್ರ ಕುಣಿಯುತ್ತಿತ್ತು. ನಾನು ಉಕ್ಕುವನ್ನು ಎತ್ತಿಕೊಂಡು ಹೊರಗೆ ಹೋಗಿ, ಇದ್ದ ಮೊಟ್ಟೆಯನ್ನೆಲ್ಲ ಕೊಟ್ಟೆ. ಈ ಸಲ ಬಾಕಿ ಇಡಲಿಲ್ಲ. ಒಳಗಿನಿಂದ ವಿಷಯ ಏನೆಂದು ಅತ್ತೆ ಭಟ್ಟರಿಗೆ ವಿವರಿಸುವುದು ಕೇಳುತ್ತಿತ್ತು. ಸ್ವಲ್ಪ ಹೊತ್ತು ಮೌನ. ಆಮೇಲೆ ಹೋಮ ಮುಂದುವರಿಯಿತು. ಮಂತ್ರ ಮೊದಲಿನ ಹಾಗೆ ಗಟ್ಟಿಯಾಗಿಯೇ ಬರುತ್ತಿತ್ತು, ಕೊನೆಯ ಒಂದು ಶಬ್ದ ಮಾತ್ರ ಭಟ್ಟರು ಪಿಸುಗುಟ್ಟುತ್ತಿದ್ದರು. ನನ್ನ ತೊಡೆಯ ಮೇಲೆ ಉಕ್ಕುವಿನ ಕಿವಿ ಪ್ರತಿ ಸಲವೂ ನೆಟ್ಟಗಾಗುತ್ತಿತ್ತು.